ಯಾರದೂ ಅಲ್ಲದ ಕೂಗು

ಒಲೆಯಿಂದ ಬಾಗಿಲಿನವರೆಗೆ, ಬಾಗಿಲಿಂದ ಮತ್ತೆ ಒಲೆಯವರೆಗೆ ತಾನು ನಡೆಯುತ್ತಲೇ ಇದ್ದೇನೆಂಬುದು ಓಬೆದ್ ಹೈಸ್ಲರನ ಅರಿವಿಗೆ ಬಂದದ್ದು, ಹೆಂಡತಿ ಲವೀನಿಯಾ ಎಲೆಕೋಸು ಹೆಚ್ಚುವುದನ್ನು ನಿಲ್ಲಿಸಿ ಚಾಕುವನ್ನು ಮೇಜಿನ ಮೇಲೆ ಕುಕ್ಕಿದಾಗ.

"ಇದು ಹಡಗಿನ ಡೆಕ್ ಅಲ್ಲ, ಅಡಿಗೆಮನೆ," ಎಂದಳು ಅವಳು. "ನೀವು ಹೀಗೆ ಓಡಾಡ್ತಿದ್ರೆ ನನಗೆ ಸಮುದ್ರದ ಪಿತ್ತ ಬರುತ್ತೆ. ಹೋಗಿ ಸೌದೆನಾದ್ರೂ ಒಡೀರಿ."

"ಒಡೆದಾಯ್ತು."

"ಮುಂದಿನ ವರ್ಷದ್ದು ಒಡೀರಿ."

ಅವನು ಕೂತ. ಕೂತ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಅವು ಬೇರೆ ಯಾರದೋ ಕೈಗಳಂತೆ, ಆ ಮನುಷ್ಯ ಮರೆತು ಬಿಟ್ಟುಹೋದಂತೆ ಅಲ್ಲಿ ಬಿದ್ದುಕೊಂಡವು. ಚಳಿಗಾಲದಲ್ಲಿ ಅವನು ತನ್ನ ಮನೆಗೇ ಬಂದ ನೆಂಟ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲ, ಯಾವ ಟವಲಿಗೆ ಕೈ ಒರೆಸಬಹುದು, ಯಾವುದಕ್ಕೆ ಒರೆಸಬಾರದು ಎಂಬುದು ಗೊತ್ತಿಲ್ಲ. ಬೇಸಿಗೆಯಲ್ಲಿ ಅವನ ಹುಬ್ಬು ಕದಲಿದರೆ ಹಡಗಿನ ಜನವೆಲ್ಲ ಎದ್ದು ನಿಲ್ಲುತ್ತಿದ್ದರು. ಇಲ್ಲಿ ಬೆಕ್ಕು ಕೂಡ ಅವನ ಕುರ್ಚಿಯನ್ನು ಬಿಟ್ಟುಕೊಡುವ ಮುಂಚೆ ಒಮ್ಮೆ ಲವೀನಿಯಾಳ ಮುಖ ನೋಡುತ್ತದೆ. ಕಿಟಕಿಯಾಚೆ ಕೊಲ್ಲಿ ಅರ್ಧ ಹೆಪ್ಪುಗಟ್ಟಿತ್ತು. ಹಾಯಿ ಬಿಚ್ಚಿ ದಡಕ್ಕೆ ಕಟ್ಟಿದ್ದ ಅವನ ಸ್ಕೂನರ್ ಹಡಗು ಹಿಮದಡಿ ಬೋಳು ಕಂಬಗಳನ್ನು ಹೊತ್ತು ನಿಂತಿತ್ತು. ದೂರದಿಂದ ನೋಡಿದರೆ ಅದನ್ನು ಯಾರೋ ಒಬ್ಬರು ನಡೆಸುತ್ತಿದ್ದರು ಎಂದೇ ಅನ್ನಿಸುತ್ತಿರಲಿಲ್ಲ. ಕಣ್ಣು ಅದರಿಂದ ತಪ್ಪಿಸಿಕೊಂಡು ಗೋಡೆಯ ಮೇಲಿದ್ದ ಹಿತ್ತಾಳೆಯ ಮಾಪಕಕ್ಕೆ ಹೋಯಿತು. ಗಾಳಿಯ ಒತ್ತಡ ಏರುವುದನ್ನೂ, ಬಿರುಗಾಳಿಗೆ ಮುಂಚೆ ಇಳಿಯುವುದನ್ನೂ ಹೇಳುವ ಆ ಗಾಜಿನ ಮೇಲೆ ಬೆಳಿಗ್ಗೆ ಎದ್ದೊಡನೆ ಬೆರಳಿನಿಂದ ಎರಡು ಸಲ ತಟ್ಟುವುದು ಅವನ ರೂಢಿ. ತಟ್ಟಿದಾಗಲೆಲ್ಲ ಲವೀನಿಯಾ ಹಿಂದಿನಿಂದ, "ಇವತ್ತು ಯಾವ ಊರಿಗೆ ಹೊರಟ್ರಿ?" ಎಂದು ಕೇಳುತ್ತಿದ್ದಳು. ಅವಳು ತಮಾಷೆಗೆ ಕೇಳುತ್ತಾಳೆ. ಅವನು ತಟ್ಟುವುದು ಮಾತ್ರ ತಮಾಷೆಗಲ್ಲ. ಮುಳ್ಳು ಇಳಿಯದಿರಲಿ ಎಂದು ತಟ್ಟುತ್ತಾನೆ, ಈಗ ಇಳಿಯದಿದ್ದರೆ ಏಪ್ರಿಲ್‌ನಲ್ಲಿ ಇಳಿದದ್ದೂ ಅಳಿಸಿಹೋಗುತ್ತದೆ ಎನ್ನುವ ಹಾಗೆ.

ಏಪ್ರಿಲ್‌ನಲ್ಲಿ ಹಡಗಿನ ಮಾಪಕದಲ್ಲಿ ಮುಳ್ಳು ಇಳಿಯುತ್ತಲೇ ಇತ್ತು. ಕಡಲದಂಡೆಯಿಂದ ದಿನಗಟ್ಟಲೆ ದೂರ, ಕಾಡ್ ಮೀನು ಸಿಗುವ ಕಡಲಬಯಲಿನ ಮೇಲೆ, ಉಣ್ಣೆ ತುಂಬಿದಂಥ ಮಂಜಿನಲ್ಲಿ ಹಡಗು ನಿಂತಿತ್ತು. ಹಿಂದಿನ ದಿನ ಇಳಿಬಿಟ್ಟ ಡೋರಿಗಳಲ್ಲಿ, ಗಾಳ ಹಾಕಲು ಇಬ್ಬಿಬ್ಬರು ಹೋಗುವ ಆ ಚಿಕ್ಕ ದೋಣಿಗಳಲ್ಲಿ, ಒಂದು ವಾಪಸು ಬಂದಿರಲಿಲ್ಲ. ಅದರಲ್ಲಿದ್ದವರು ಇಬ್ಬರು, ಸೈರಸ್ ಹಿರ್ಟಲ್ ಮತ್ತು ಈನಸ್ ಸ್ವಿಕರ್. ರಾತ್ರಿಯಿಡೀ ಕೊಂಬು ಊದಿಸಿದ, ಗಂಟೆ ಹೊಡೆಸಿದ. ಬೆಳಗಾದ ಮೇಲೂ ಊದಿಸಿದ. ಮಧ್ಯಾಹ್ನದ ಹೊತ್ತಿಗೆ ಮುಳ್ಳು ಎಷ್ಟು ಇಳಿದಿತ್ತೆಂದರೆ ಅಡಿಗೆಯವನು ಕೂಡ ಬಂದು ನೋಡಿ ಹೋಗಿ ಪಾತ್ರೆಗಳನ್ನು ಕಟ್ಟತೊಡಗಿದ. ಆಗಲೇ ಅದು ಕೇಳಿಸಿದ್ದು. ಕೊಂಬಿನ ಎರಡು ಊದುಗಳ ನಡುವಿನ ಮೌನದಲ್ಲಿ, ಗಾಳಿ ಬರುತ್ತಿದ್ದ ದಿಕ್ಕಿನಿಂದ, ಉದ್ದಕ್ಕೆ ಎಳೆದ ಒಂದೇ ಒಂದು ಸ್ವರ. ಚುಕ್ಕಾಣಿ ಹಿಡಿದಿದ್ದವನು ಅವನ ಮುಖ ನೋಡಿದ. "ಏನಾದ್ರೂ ಕೇಳಿಸ್ತಾ, ಸ್ಕಿಪ್ಪರ್?" ಎಂದ. "ಹಕ್ಕಿ," ಎಂದ ಓಬೆದ್. ಅಷ್ಟೇ. ಹಕ್ಕಿ. ಆಮೇಲೆ ಹಾಯಿ ಏರಿಸಲು ಹೇಳಿದ. ಆ ರಾತ್ರಿ ಬಂದ ಬಿರುಗಾಳಿ ಅವನ ಲೆಕ್ಕ ಸರಿಯಾಗಿತ್ತೆಂದು ಎಲ್ಲರಿಗೂ ತೋರಿಸಿಕೊಟ್ಟಿತು. ಊರಿಗೆ ಬಂದ ಮೇಲೆ ಜನ ಕೈ ಹಿಡಿದು, ಉಳಿದವರನ್ನಾದರೂ ತಂದಿರಲ್ಲ ಎಂದರು. ಯಾರೂ ಅವನನ್ನು ಏನೂ ಕೇಳಲಿಲ್ಲ, ಕೇಳಿದ್ದರೆ ಉತ್ತರ ಇತ್ತು. ಉತ್ತರವಿಲ್ಲದ್ದು ಬೇರೆ ಒಂದಿತ್ತು. ಹಿಂದಿನ ದಿನ ಡೋರಿ ಇಳಿಸುವಾಗ ಸೈರಸ್ ಎಲ್ಲರೆದುರಿಗೆ, "ಈ ಹೊತ್ತಲ್ಲಿ ಇಳಿಸೋದು ಮೀನಿಗೋ ನಮ್ಮನ್ನ ಮುಳುಗ್ಸೋಕೋ?" ಎಂದಿದ್ದ. ನಾಲ್ಕು ಜನ ನಕ್ಕಿದ್ದರು. ಮರುದಿನ ಮಂಜಿನಿಂದ ಆ ಸ್ವರ ಬಂದಾಗ, ಅದು ಮನುಷ್ಯನದೋ ಅಲ್ಲವೋ ಎಂದು ಕಿವಿ ತೀರ್ಮಾನಿಸುವ ಮುಂಚೆಯೇ ಓಬೆದ್‌ನ ಎದೆಯಲ್ಲಿ ಒಂದು ಚಿಕ್ಕ ಸಿಡುಕು ಎದ್ದಿತ್ತು: ಮತ್ತೆ ಇವನಾ. ದನಿಯ ಗುರುತು ಹತ್ತುವ ಮೊದಲೇ ಸಿಡುಕಿಗೆ ಗುರುತು ಹತ್ತಿತ್ತು. ಹಕ್ಕಿಯ ಮೇಲೆ ಯಾರೂ ಸಿಡುಕುವುದಿಲ್ಲ.

"ಮೇಜಿನ ಕೆಳಗೆ ಕಾಲು ಕುಣಿಸ್ತಾ ಇದೀರಿ," ಎಂದಳು ಲವೀನಿಯಾ.

ಬೇಸಿಗೆಯಲ್ಲಿ, ಹುಲ್ಲು ಕೊಯ್ಯುವ ದಿನಗಳಲ್ಲಿ, ಈನಸ್ ತಿರುಗಿ ಬಂದಿದ್ದ. ಫ್ರೆಂಚರ ಹಡಗೊಂದು ಅವನನ್ನು ಎತ್ತಿಕೊಂಡಿತ್ತು. ಸೈರಸ್ ಡೋರಿಯಲ್ಲೇ ಸತ್ತಿದ್ದ, ಈನಸನೇ ಅವನನ್ನು ನೀರಿಗೆ ಕೊಟ್ಟಿದ್ದ. ಹುಟ್ಟಿಗೆ ಹೆಪ್ಪುಗಟ್ಟಿ ಅಂಟಿಕೊಂಡ ಈನಸನ ಬೆರಳುಗಳನ್ನು ಫ್ರೆಂಚ್ ವೈದ್ಯ ಕತ್ತರಿಸಿದ್ದ. ಇಷ್ಟು ಮಾತ್ರ ಊರಿಗೆ ಗೊತ್ತು. ಉಳಿದದ್ದನ್ನು ಈನಸ್ ಯಾರಿಗೂ ಹೇಳಲಿಲ್ಲ. ಇಗರ್ಜಿಯ ಬಾಗಿಲಲ್ಲಿ ಎದುರಾದರೆ ಉಣ್ಣೆಯ ಕೈಗವಸು ತೊಟ್ಟ ಮುಷ್ಟಿಯನ್ನು ಟೋಪಿಯವರೆಗೆ ಎತ್ತಿ, "ನಮಸ್ಕಾರ, ಸ್ಕಿಪ್ಪರ್," ಎನ್ನುವನು. ಆ ಗೌರವದಲ್ಲಿ ಏನಾದರೂ ಇದೆಯೇ ಎಂದು ಓಬೆದ್ ಪ್ರತಿ ಸಲವೂ ಹುಡುಕುತ್ತಿದ್ದ. ಒಮ್ಮೆ ಅಂಗಡಿಯಲ್ಲಿ ಈನಸ್ ಒಳಗೆ ಬಂದದ್ದು ಕಂಡು, ಇಷ್ಟೆತ್ತರದ ಮನುಷ್ಯ ಓಬೆದ್, ಹಿಟ್ಟಿನ ಚೀಲಗಳ ಹಿಂದೆ ಬಗ್ಗಿ ನಿಂತುಬಿಟ್ಟ. ಅಂಗಡಿಯವನ ಹೆಂಡತಿ ನೋಡಿದಳು. ಏನೋ ಹುಡುಕುತ್ತಿದ್ದೆನೆಂದು ತೋರಿಸಲು ಬೇಕಿಲ್ಲದ ದೀಪದ ಬತ್ತಿಗಳನ್ನು ಕೊಂಡು ಮನೆಗೆ ಬಂದ. ಲವೀನಿಯಾ ಆ ಬತ್ತಿಗಳನ್ನೂ ಅವನನ್ನೂ ನೋಡಿ ಸುಮ್ಮನೆ ಎತ್ತಿಟ್ಟಳು.

ಅವತ್ತು ಸಂಜೆ, ದೀಪ ಹಚ್ಚುವ ಹೊತ್ತಿಗೆ, ವೇಷದವರು ಬಂದರು. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಬ್ಯಾಕ್‌ಮನ್ ಕೊಲ್ಲಿಯಲ್ಲಿ ಬೆಲ್ಸ್‌ನಿಕಲ್‌ಗಳ ಕಾಟ ತಪ್ಪಿದ್ದಲ್ಲ. ಗಂಡಸರು ಹೆಂಡತಿಯರ ಲಂಗ ಉಟ್ಟುಕೊಂಡು, ಹೆಂಗಸರು ಗಂಡಂದಿರ ಕೋಟು ತೊಟ್ಟುಕೊಂಡು, ಹಿಟ್ಟಿನ ಚೀಲಕ್ಕೆ ಕಣ್ಣು ಕೊರೆದು ಮುಖಕ್ಕೆ ಎಳೆದುಕೊಂಡು ಮನೆ ಮನೆ ನುಗ್ಗುವರು. ದನಿಯ ಗುರುತು ಸಿಕ್ಕದಿರಲೆಂದು ಉಸಿರನ್ನು ಒಳಗೆಳೆದುಕೊಳ್ಳುತ್ತಾ ಮಾತಾಡುವರು. ಯಾರು ಯಾರೆಂದು ಮನೆಯವರು ಹೇಳಬೇಕು, ಹೇಳಿದರೆ ಚೀಲ ತೆಗೆಯಬೇಕು, ಆಮೇಲೆ ಕೇಕು, ರಮ್ಮು. ಪಕ್ಕದ ಮನೆಯ ಟೈಟಸ್ ಕಾನ್ರಾಡ್ ಆಗಲೇ ಬಂದು ಒಲೆಯ ಪಕ್ಕ ಜಾಗ ಹಿಡಿದಿದ್ದ. ಅವನೂ ಒಂದು ಕಾಲಕ್ಕೆ ಹಡಗು ನಡೆಸಿದವನು. ಈಗ ಕೀಲುನೋವು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಅಂಗಳದಲ್ಲಿ ತವರದ ಕೊಂಬಿನ ಸದ್ದಾಯಿತು. ಹಡಗಿನಲ್ಲಿ ಮಂಜು ಕವಿದಾಗ ಊದುವಂಥದೇ ಕೊಂಬು. ಓಬೆದ್ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಮಕ್ಕಳಾಟ, ಎಂದುಕೊಂಡ. ವರ್ಷಾ ವರ್ಷಾ ಊದುತ್ತಾರೆ, ಹೋದ ವರ್ಷವೂ ಊದಿದ್ದರು, ಹೋದ ವರ್ಷ ನಾನೂ ನಕ್ಕಿದ್ದೆ.

ಐದಾರು ಜನ ಹಿಮವನ್ನು ಕೊಡವುತ್ತಾ ಒಳಗೆ ಬಂದರು. ಅಡಿಗೆಮನೆ ತುಂಬಿಹೋಯಿತು. ಲಂಗ ಉಟ್ಟಿದ್ದ ದಪ್ಪನೆಯ ಆಕೃತಿಯೊಂದು ಟೈಟಸನ ತೊಡೆಯ ಮೇಲೆ ಕೂರಲು ನೋಡಿತು.

"ಎದ್ದೇಳೇ ಮಾರಾಯ್ತಿ," ಎಂದ ಟೈಟಸ್. "ಈ ಸೊಂಟ ನಮ್ಮ ಪಾದ್ರಿಗಳದ್ದೇ ಇರಬೇಕು. ಅಲ್ಲದಿದ್ರೆ ಕಟುಕ ವಾಲೇಸಂದು."

"ಕಟುಕಂದು," ಎಂದಳು ಲವೀನಿಯಾ. "ಬೂಟು ನೋಡಿ, ಹಂದಿ ರಕ್ತ ಇನ್ನೂ ಇದೆ."

ವಾಲೇಸ್ ಚೀಲ ತೆಗೆದ, ಎಲ್ಲರೂ ನಕ್ಕರು. ಒಬ್ಬೊಬ್ಬರ ಗುರುತೂ ಸಿಕ್ಕುತ್ತಾ ಹೋಯಿತು, ಒಬ್ಬೊಬ್ಬರ ಬೆವೆತ ಮುಖವೂ ಚೀಲದಿಂದ ಹೊರಬಂದು ಕೇಕಿಗೆ ಕೈ ಚಾಚಿತು. ಕೊನೆಗೆ ಉಳಿದದ್ದು ಬಾಗಿಲ ಹತ್ತಿರವೇ ನಿಂತಿದ್ದ ಒಂದು ವೇಷ. ಮೊಣಕಾಲು ದಾಟಿದ ಹಳದಿ ಎಣ್ಣೆಬಟ್ಟೆಯ ಕೋಟು, ಕೈಯಲ್ಲಿ ಆ ಕೊಂಬು. ಅದು ಮಾತಾಡಲಿಲ್ಲ. ಎಡಗಾಲಿನ ಮೇಲೆ ಭಾರ ಬಿಟ್ಟು, ಬಲಭುಜವನ್ನು ಸ್ವಲ್ಪ ಇಳಿಸಿ, ತಲೆಯನ್ನು ಓರೆ ಮಾಡಿ ಓಬೆದ್‌ನನ್ನೇ ನೋಡುತ್ತಾ ನಿಂತಿತ್ತು. ಏನೋ ಅಡ್ಡಮಾತು ಆಡುವ ಮುಂಚೆ ಅವನು ಹಾಗೆ ನಿಲ್ಲುತ್ತಿದ್ದ. "ಇದು ನಿನ್ನ ಪಾಲು, ಓಬೆದ್," ಎಂದ ಟೈಟಸ್, "ಹೇಳು ನೋಡೋಣ, ಯಾರಿದು?" ಒಲೆಯ ಶಾಖ ಬೆನ್ನಿಗೆ ಬಡಿಯುತ್ತಿತ್ತು, ಮುಖಕ್ಕೆ ಮಾತ್ರ ತಣ್ಣಗೆ ಒದ್ದೆ ಗಾಳಿ ತಾಗಿದ ಹಾಗಾಯಿತು. ವೇಷ ಕೊಂಬನ್ನು ಚೀಲದ ತೂತಿಗೆ ಇಟ್ಟುಕೊಂಡು ಮೆಲ್ಲಗೆ, ಬಹಳ ಮೆಲ್ಲಗೆ ಊದಿತು. ಓಬೆದ್‌ಗೆ ತಾನು ಎದ್ದು ನಿಂತದ್ದು ಗೊತ್ತಾಗಲಿಲ್ಲ, ಬಾಯಿ ತೆರೆದದ್ದೂ ಗೊತ್ತಾಗಲಿಲ್ಲ.

"ಸೈರಸ್," ಎಂದ.

ಯಾರೋ ಕೇಕು ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ವೇಷ ಕೊಂಬನ್ನು ಇಳಿಸಿ ಚೀಲವನ್ನು ಎರಡು ಕೈಯಿಂದ ಮೇಲೆತ್ತಿತು. ಐಡಾ. ಸೈರಸನ ಹೆಂಡತಿ. ಇಷ್ಟು ಹೊತ್ತು ಚೀಲದೊಳಗೆ ಒಬ್ಬಳೇ ನಗುತ್ತಿದ್ದಳೆಂದು ಕಾಣುತ್ತದೆ, ಆ ನಗು ಎಲ್ಲಿಗೂ ಹೋಗಲಾರದೆ ಮುಖದ ಮೇಲೆ ಸಿಕ್ಕಿಹಾಕಿಕೊಂಡಿತ್ತು. ಕೂದಲು ಹಣೆಗೆ ಅಂಟಿತ್ತು. ಬಾಣಂತನದ ಊತ ಇನ್ನೂ ಪೂರ್ತಿ ಇಳಿದಿರದ ಕೆನ್ನೆಗಳು.

"ನಾನು, ಕ್ಯಾಪ್ಟನ್ನರೇ," ಎಂದಳು. "ಐಡಾ."

"ಕೋಟು ನೋಡಿ ಮೋಸ ಹೋದ," ಎಂದ ಟೈಟಸ್. "ಓಬೆದ್‌ಗೆ ಕಣ್ಣು ಮಂಜಾಗಿದೆ, ಮುಂದಿನ ವರ್ಷ ಹಡಗನ್ನ ಇಗರ್ಜಿ ಗೋಪುರಕ್ಕೇ ಹತ್ತಿಸ್ತಾನೆ ನೋಡ್ತಿರಿ." ಯಾರೂ ನಗಲಿಲ್ಲ. ಲವೀನಿಯಾ ಕೇಕಿನ ತಟ್ಟೆ ಹಿಡಿದು ಐಡಾಳ ಹತ್ತಿರ ಹೋಗಿ ತಾನೇ ಒಂದು ತುಂಡನ್ನು ಆ ದೊಡ್ಡ ಕೋಟಿನ ಜೇಬಿಗೆ ತುರುಕಿದಳು, ಮಗಳಿಗೆ ಮಾಡುವಂತೆ. ಹೊರಗೆ ಹೋದ ಮೇಲೆ ಅವರು ಕೊಂಬು ಊದಲಿಲ್ಲ. ಹಿಮದ ಮೇಲೆ ಬೂಟುಗಳ ಸದ್ದು ಮಾತ್ರ, ಬಹಳ ದೂರದವರೆಗೆ.

ಬೆಳಿಗ್ಗೆ ಅವನು ಎತ್ತುಗಳನ್ನು ಜಾರುಬಂಡಿಗೆ ಕಟ್ಟಿದ. ಕೊಂಬಿಗೆ ನೊಗ ಬಿಗಿದ. ಒಡೆದಿಟ್ಟಿದ್ದ ಸೌದೆಯಲ್ಲಿ ಒಣಗಿದ್ದನ್ನೇ ಆರಿಸಿ ಹೇರತೊಡಗಿದ. ಲವೀನಿಯಾ ಶಾಲು ಹೊದ್ದು ಹಿತ್ತಿಲ ಬಾಗಿಲಿಗೆ ಬಂದಳು.

"ಕ್ಷಮೆ ಕೇಳೋಕೆ ಹೋಗ್ತೀರೋ, ಸೌದೆ ಹಾಕೋಕೆ ಹೋಗ್ತೀರೋ?"

"ಸೌದೆ."

"ಸರಿ. ಇದನ್ನೂ ಕೊಡಿ." ಬಟ್ಟೆಯಲ್ಲಿ ಸುತ್ತಿದ ಹಂದಿಮಾಂಸದ ಸಾಸೇಜು. "ಅವಳು ಏನಾದ್ರೂ ಹೇಳಿದ್ರೆ ಕೇಳಿಸ್ಕೊಳ್ಳಿ. ಮಧ್ಯದಲ್ಲಿ ಎದ್ದು ಬರಬೇಡಿ."

ದಾರಿಯಲ್ಲಿ ಎತ್ತುಗಳ ಉಸಿರು ಮುಂದೆ ಬಿಳಿಯ ಮೋಡವಾಗಿ ನಿಲ್ಲುತ್ತಿತ್ತು, ಅವನು ಅದರೊಳಗೇ ನಡೆಯುತ್ತಿದ್ದ. ಸೌದೆ ಹೊತ್ತು ವಿಧವೆಯ ಮನೆಗೆ ಹೋಗುವ ಕ್ಯಾಪ್ಟನ್. ನೋಡಿದವರು ಒಳ್ಳೆಯ ಮನುಷ್ಯ ಎನ್ನುತ್ತಾರೆ. ಹಾಗೆ ಅನ್ನಲಿ ಎಂದು ಇಗರ್ಜಿಯ ಮುಂದಿನ ದಾರಿಯಲ್ಲೇ ಹೋಗುತ್ತಿದ್ದೇನೆಯೇ, ಕೆರೆಯ ಕಡೆಯಿಂದ ಹೋಗಿದ್ದರೆ ಹತ್ತಿರವಿತ್ತಲ್ಲ? ಈ ಪ್ರಶ್ನೆ ಕಾಡಿದ ಮೇಲೆ ಹಿಂದೆ ತಿರುಗುವುದು ಇನ್ನೂ ದೊಡ್ಡ ನಾಟಕವಾಗುತ್ತದೆಂದು ಹಾಗೇ ನಡೆದ. ಹಡಗಿನಲ್ಲಿ ಅವನಿಗೆ ಇಂಥ ಪ್ರಶ್ನೆಗಳು ಹುಟ್ಟುತ್ತಿರಲಿಲ್ಲ. ನೆಲದ ಮೇಲೆ ಮಾತ್ರ ಪ್ರತಿ ಹೆಜ್ಜೆಯ ಹಿಂದೆಯೂ ಇನ್ನೊಬ್ಬ ಮನುಷ್ಯ ನಿಂತು ನೋಡುತ್ತಿರುತ್ತಾನೆ.

ಐಡಾಳ ಮನೆ ಇಳಿಜಾರಿನಲ್ಲಿ, ಹಿಮದಲ್ಲಿ ಕಿಟಕಿಯ ಮಟ್ಟದವರೆಗೆ ಹೂತಿತ್ತು. ಅವಳೂ ಹೊರಗೆ ಬಂದು ಸೌದೆ ಇಳಿಸಿದಳು, ಬೇಡವೆಂದರೂ ಕೇಳಲಿಲ್ಲ. ಒಳಗೆ ಒಲೆಯ ಪಕ್ಕ ತೊಟ್ಟಿಲಲ್ಲಿ ಮಗು ಮಲಗಿತ್ತು. ಚಹಾಕ್ಕೆ ಕಾಕಂಬಿ ಸುರಿದು ಅವನ ಮುಂದಿಟ್ಟಳು. ಹಳದಿ ಕೋಟು ಗೂಟಕ್ಕೆ ತೂಗುಹಾಕಿತ್ತು. ಅವನು ಅದಕ್ಕೆ ಬೆನ್ನು ಹಾಕಿ ಕೂತ, ಕೂತ ಮೇಲೆ ಬೆನ್ನಿಗೆ ಅದರ ಭಾರ ತಿಳಿಯತೊಡಗಿತು.

"ನಿನ್ನೆ..." ಎಂದ.

"ನಿನ್ನೆ ನನಗೆ ಬೇಜಾರಾಗ್ಲಿಲ್ಲ," ಎಂದಳು ಐಡಾ. "ಅದನ್ನ ಹೇಳಬೇಕು ಅಂತಲೇ ಇದ್ದೆ. ಅವರ ಹೆಸರನ್ನ ಈ ಊರಲ್ಲಿ ಯಾರೂ ಬಾಯಿಗೆ ತರಲ್ಲ. ನಮ್ಮತ್ತೆ 'ಅವನು' ಅಂತಾರೆ, ಪಾದ್ರಿಗಳು 'ಅಗಲಿದ ಸಹೋದರ' ಅಂತಾರೆ. ನೀವೊಬ್ಬರು ಹೆಸರು ಹಿಡಿದು ಕರೆದ್ರಿ, ಆಗ ಅವರು ಇದ್ರಲ್ಲ, ನಿಜವಾಗ್ಲೂ ಇದ್ರು ಅನ್ನಿಸ್ತು." ಅವಳು ತೊಟ್ಟಿಲನ್ನು ಕಾಲಿನಿಂದ ತಳ್ಳಿದಳು. "ನಾನು ಹಾಗೇ ನಿಂತಿದ್ನಾ, ಅವರ ಹಾಗೆ?"

"ಹೂಂ."

"ಬೇಕಂತಲೇ ನಿಂತೆ. ಕೋಟು ಹಾಕ್ಕೊಂಡ್ರೆ ಮೈ ತಾನಾಗೇ ಹಾಗೆ ನಿಲ್ಲುತ್ತೆ."

ಅವನು ಚಹಾ ಕುಡಿದ. ಬಿಸಿ ನಾಲಿಗೆಯನ್ನು ಸುಟ್ಟಿತು, ಅದು ಒಳ್ಳೆಯದೇ ಆಯಿತು. ಈಗ ಹೇಳಿಬಿಡಬಹುದು. ಕೇಳಿಸಿತ್ತು ಕಣಮ್ಮ, ಅವನು ಕೂಗಿದ್ದು ನನಗೆ ಕೇಳಿಸಿತ್ತು. ಎಂಟು ತಿಂಗಳಿಂದ ಈ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ಕೂತಿತ್ತು. ಹೇಳಿದರೆ ಅದು ತನ್ನ ಗಂಟಲಿನಿಂದ ಹೊರಟು ಎಲ್ಲಿಗೆ ಹೋಗುತ್ತದೆ? ಎದುರಿಗಿರುವವಳ ಗಂಟಲಿಗೆ. ಆಮೇಲೆ ಅವಳು ಪ್ರತಿ ರಾತ್ರಿ ಆ ಕೂಗನ್ನು ಕೇಳಿಕೊಂಡು ಮಲಗಬೇಕು. ಸುಮ್ಮನಿರುವುದೇ ದಯೆ, ಎಂದುಕೊಂಡ. ಮರುಕ್ಷಣವೇ ತನ್ನ ಹೇಡಿತನಕ್ಕೆ ಎಂಥ ಒಳ್ಳೆಯ ಅಂಗಿ ತೊಡಿಸಿದೆ ಎಂದು ತನಗೇ ಹೇಸಿಕೆಯಾಯಿತು.

"ಕ್ರಿಸ್‌ಮಸ್‌ಗೆ ಮುಂಚೆ ಈನಸ್ ಬಂದಿದ್ದ," ಎಂದಳು ಐಡಾ. "ಇಷ್ಟು ದಿನ ಬಾಯಿ ಬಿಡದವನು ತಾನಾಗೇ ಕೂತು ಹೇಳಿದ. ಮೊದಲನೇ ರಾತ್ರಿನೇ ಹರಿವು ಅವರನ್ನ ತೆಂಕಣಕ್ಕೆ ಎಳ್ಕೊಂಡು ಹೋಯ್ತಂತೆ. ಬೆಳಗಾಗೋ ಹೊತ್ತಿಗೆ ನಿಮ್ಮಿಂದ ಎಷ್ಟು ದೂರ ಅಂದ್ರೆ, ಕೊಂಬೂ ಇಲ್ಲ, ಗಂಟೆನೂ ಇಲ್ಲ, ಏನೂ ಕೇಳಿಸ್ಲಿಲ್ವಂತೆ. ಇನ್ನೊಂದು ವಾರ ಕಾದಿದ್ರೂ ಸ್ಕಿಪ್ಪರಿಗೆ ನಾವು ಸಿಗ್ತಿರಲಿಲ್ಲ ಅಂದ."

ಓಬೆದ್ ಲೋಟವನ್ನೇ ನೋಡುತ್ತಿದ್ದ.

"ಸುಳ್ಳು ಯಾಕೆ ಹೇಳ್ಲಿ, ಕ್ಯಾಪ್ಟನ್ನರೇ, ಅಲ್ಲಿಯವರೆಗೆ ನಾನು ನಿಮ್ಮನ್ನ ಶಪಿಸ್ತಾ ಇದ್ದೆ. ಇಗರ್ಜೀಲಿ ನಿಮ್ಮ ಬೆನ್ನು ನೋಡ್ಕೊಂಡು ಶಪಿಸ್ತಿದ್ದೆ, ಕೀರ್ತನೆ ಹಾಡ್ತಾ ಹಾಡ್ತಾನೇ. ಇನ್ನೊಂದು ದಿನ ನಿಂತಿದ್ರೆ ಇವರ ಗಂಟೇನು ಹೋಗ್ತಿತ್ತು ಅಂತ. ಈಗ ಅದು ಹೋಯ್ತು." ಅವಳು ಮಗುವನ್ನು ಎತ್ತಿಕೊಂಡಳು. ಅದು ಮುಖ ಕಿವಿಚಿ ಮತ್ತೆ ಸಡಿಲಿಸಿತು. "ಭಾನುವಾರ ಇವನ ದೀಕ್ಷಾಸ್ನಾನ. ಅವರಪ್ಪನ ಜಾಗದಲ್ಲಿ ನಿಂತು ಇವನನ್ನ ಹಿಡ್ಕೋಬೇಕಲ್ಲ ಯಾರಾದ್ರೂ. ನೀವು ನಿಲ್ತೀರಾ?"

ನಿಲ್ಲುತ್ತೇನೆ ಎನ್ನುವುದು ಸುಲಭ, ಆಗುವುದಿಲ್ಲ ಎನ್ನಲು ಕಾರಣ ಹೇಳಬೇಕು. "ಲವೀನಿಯಾನ ಒಂದು ಮಾತು ಕೇಳಿ ಹೇಳ್ತೀನಿ," ಎಂದ ಅವನು.

ಐಡಾ ನಕ್ಕಳು. ನಿನ್ನೆ ಚೀಲದೊಳಗೆ ಸಿಕ್ಕಿಹಾಕಿಕೊಂಡಿದ್ದ ನಗುವೇ ಈಗ ಸಲೀಸಾಗಿ ಬಂತು. "ಸ್ಕಿಪ್ಪರಿಗೂ ಹೆಂಡ್ತಿ ಅಪ್ಪಣೆ ಬೇಕಾಯ್ತಾ?"

ಖಾಲಿ ಬಂಡಿ ಹಗುರವಾಗಿ ಹಿಂದೆ ಜಾರುತ್ತಿತ್ತು. ತಾನೂ ಹಗುರವಾಗಬೇಕಿತ್ತು ಎಂದುಕೊಂಡ ಓಬೆದ್, ಹಲ್ಲುನೋವು ನಿಂತ ಮೇಲೂ ನಾಲಿಗೆ ಆ ಹಲ್ಲನ್ನೇ ಹುಡುಕಿಹೋಗುವಂತೆ ಒಳಗೆಲ್ಲ ತಡಕಿದ. ಏಪ್ರಿಲ್‌ನ ಆ ದಿನ ಗಾಳಿ ಬಡಗಣದಿಂದ ಬೀಸುತ್ತಿತ್ತು. ಕೂಗು ಬಂದದ್ದು ಬಡಗಣದಿಂದ. ಅವರು ಇದ್ದದ್ದು ತೆಂಕಣದಲ್ಲಿ. ಹಾಗಾದರೆ ಅದು ಸೈರಸ್ ಅಲ್ಲ. ಹಕ್ಕಿಯೇ. ತಾನು ಹೇಳಿದ್ದು ನಿಜವೇ ಆಗಿತ್ತು. ಆದರೆ ಹೇಳಿದ ಹೊತ್ತಿನಲ್ಲಿ ತನಗೆ ಅದು ಸುಳ್ಳೆಂದು ಗೊತ್ತಿತ್ತಲ್ಲ. ಅಲ್ಲಿ ಮನುಷ್ಯನಿದ್ದಾನೆಂದು ನಂಬಿಯೇ, ಅವನು ಇಂಥವನೆಂದು ಗುರುತಿಟ್ಟೇ, ತಾನು ಹಾಯಿ ಏರಿಸಿದ್ದು. ಅಲ್ಲಿ ಯಾರೂ ಇರಲಿಲ್ಲವೆಂಬುದು ಆಮೇಲೆ ತಿಳಿದ ಸಂಗತಿ. ಇರದ ಮನುಷ್ಯನನ್ನು ಬಿಟ್ಟುಬಂದದ್ದಕ್ಕೆ ಯಾರ ಮನೆಗೆ ಸೌದೆ ಹೊತ್ತುಕೊಂಡು ಹೋಗಬೇಕು? ಎಂಟು ತಿಂಗಳು ಆ ಕೂಗಿಗೆ ಒಂದು ಹೆಸರಿತ್ತು, ಒಂದು ಕೋಟು, ಓರೆಯಾಗಿ ನಿಲ್ಲುವ ಒಂದು ಭಂಗಿ ಇತ್ತು. ಅದರ ಜೊತೆ ಜಗಳವಾಡಬಹುದಿತ್ತು, ನೀನು ಎಲ್ಲರೆದುರಿಗೆ ಹಾಗೆ ಅನ್ನಬಾರದಿತ್ತು ಎಂದಾದರೂ ಹೇಳಬಹುದಿತ್ತು. ಈಗ ಸೈರಸ್ ಅದರಿಂದ ಮೈ ಬಿಡಿಸಿಕೊಂಡು ತೆಂಕಣಕ್ಕೆ ಹೋಗಿಬಿಟ್ಟ. ಕೂಗು ಮಾತ್ರ ಅಲ್ಲೇ, ಮಂಜಿನಲ್ಲೇ ಉಳಿಯಿತು, ಯಾರದೂ ಅಲ್ಲದೆ. ಯಾರದೂ ಅಲ್ಲವೆಂದ ಮೇಲೆ ಅದು ಯಾರದು ಬೇಕಾದರೂ ಆಗಬಹುದು. ಮುಂದಿನ ಏಪ್ರಿಲ್‌ನಲ್ಲಿ ಇಳಿಸುವ ಡೋರಿಗಳಲ್ಲಿ ಕೂರುವ ಯಾರದಾದರೂ.

ಇಗರ್ಜಿಯ ತಿರುವಿನಲ್ಲಿ ಈನಸ್ ತನ್ನ ಅಕ್ಕನ ಮನೆಯ ಮುಂದೆ ಹಿಮ ಎತ್ತಿಹಾಕುತ್ತಿದ್ದ. ಸಲಿಕೆಯ ಹಿಡಿಯನ್ನು ಮೊಣಕೈ ಮಡಿಕೆಯಲ್ಲಿ ಸಿಕ್ಕಿಸಿಕೊಂಡು, ಸೊಂಟದಿಂದ ತಳ್ಳಿ ಎತ್ತುತ್ತಿದ್ದ. ಈ ಸಲ ಅಡಗಲು ಹಿಟ್ಟಿನ ಚೀಲಗಳಿರಲಿಲ್ಲ. ಓಬೆದ್ ಎತ್ತುಗಳನ್ನು ನಿಲ್ಲಿಸಿದ.

"ನಮಸ್ಕಾರ, ಸ್ಕಿಪ್ಪರ್. ಎತ್ತು ಚೆನ್ನಾಗಿ ಮೇಯ್ದಿವೆ."

"ಐಡಾ ಮನೆಯಿಂದ ಬರ್ತಿದೀನಿ."

"ಹೌದಾ." ಈನಸ್ ಎತ್ತಿನ ಹಣೆಯನ್ನು ಮುಷ್ಟಿಯಿಂದ ಉಜ್ಜಿದ.

"ನೀನು ಅವಳಿಗೆ ಹೇಳಿದ್ದನ್ನ ಹೇಳಿದ್ಲು."

"ಹೂಂ."

"ಕೊಂಬು ಒಂದು ಸಲಾನೂ ಕೇಳಿಸ್ಲಿಲ್ವಾ, ಈನಸ್?"

"ಇಲ್ಲ, ಸ್ಕಿಪ್ಪರ್."

"ನೀವು ಕೂಗಿದ್ರಾ?"

ಈನಸ್ ಎತ್ತಿನ ಹಣೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಎಲ್ಲರೂ ಕೂಗ್ತಾರೆ," ಎಂದ. ಆಮೇಲೆ ಸಲಿಕೆಯನ್ನು ಮತ್ತೆ ತೋಳಿಗೆ ಸಿಕ್ಕಿಸಿಕೊಂಡ. "ಮೋಡ ನೋಡಿದ್ರೆ ಸಂಜೆಗೆ ಇನ್ನೂ ಬೀಳುತ್ತೆ ಅನ್ಸುತ್ತೆ. ಬೇಗ ಹೋಗಿ ಮನೆ ಸೇರ್ಕೊಳ್ಳಿ." ಅದರಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ದೊಡ್ಡವರು ಮಕ್ಕಳಿಗೆ ಹೇಳುವ ಹಾಗಿತ್ತು.

ಮನೆಯಲ್ಲಿ ಊಟ ಸಿದ್ಧವಾಗಿತ್ತು. ಉಪ್ಪುಮೀನು, ಬೇಯಿಸಿದ ಆಲೂಗಡ್ಡೆ, ಮೇಲೆ ಹುರಿದ ಹಂದಿಕೊಬ್ಬಿನ ಚೂರುಗಳು. ಅವನು ಕೈ ತೊಳೆದು ಯಾವುದೋ ಒಂದು ಟವಲಿಗೆ ಒರೆಸಿಕೊಂಡ, ಲವೀನಿಯಾ ಬೈಯಲಿಲ್ಲ. ಬೈಯದೆ ಬಿಟ್ಟದ್ದು ಅವನಿಗೆ ತಟ್ಟೆಯ ಮುಂದೆ ಕೂತ ಮೇಲೆ ಹೊಳೆಯಿತು.

"ಭಾನುವಾರ ಮಗು ಹಿಡ್ಕೊಂಡು ನಿಲ್ಲಬೇಕಂತೆ," ಎಂದ.

"ನಿಲ್ಲಿ."

"ನಿನಗೆ ಆಶ್ಚರ್ಯ ಆಗ್ಲಿಲ್ಲ."

"ಯಾರನ್ನಾದ್ರೂ ಕೇಳಬೇಕಲ್ಲ ಪಾಪ." ಅವಳು ಆಲೂಗಡ್ಡೆ ಬಡಿಸಿದಳು. ಬೇಡವೆಂದು ಅವನು ಕೈ ಅಡ್ಡ ಹಿಡಿದರೂ ಇನ್ನೊಂದನ್ನು ಹಾಕಿದಳು.

"ಈನಸ್ ಅವಳಿಗೆ ಏನೋ ಹೇಳಿದಾನಂತೆ. ಅವರು ತುಂಬ ದೂರ ಹೋಗಿದ್ರಂತೆ."

"ಹೂಂ."

"ನಿನಗೆ ಗೊತ್ತಿತ್ತು."

ಲವೀನಿಯಾ ತನ್ನ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಊಟದ ಹೊತ್ತಿನಲ್ಲಿ ಅವಳು ಕೂರುವುದೇ ಅಪರೂಪ, ಒಲೆಗೂ ಮೇಜಿಗೂ ನಡುವೆ ಓಡಾಡುತ್ತಲೇ ಉಣ್ಣುವವಳು. "ನೀವು ನಿದ್ದೇಲಿ ಮಾತಾಡ್ತೀರಿ," ಎಂದಳು.

ಅವನು ಚಮಚ ಕೆಳಗಿಟ್ಟ.

"ಹಡಗು ದಡಕ್ಕೆ ಕಟ್ಟಿ ಮನೆಗೆ ಬಂದಾಗಿಂದ. ಮೊದಮೊದಲು ಅರ್ಥ ಆಗ್ಲಿಲ್ಲ. ಸೈರಸ್ ಅಂತೀರಿ. ಆಮೇಲೆ ಹಕ್ಕಿ, ಹಕ್ಕಿ, ಅದು ಹಕ್ಕಿ ಅಂತೀರಿ, ಯಾರೋ ನಿಮ್ಮನ್ನ ಬಲವಂತವಾಗಿ ಕೇಳ್ತಿದ್ದ ಹಾಗೆ. ಒಂದಿನ ಕೂತು ಹೊಂದಿಸಿ ನೋಡಿದೆ." ಅವಳು ಮೇಜಿನ ಮೇಲೆ ಬಿದ್ದಿದ್ದ ರೊಟ್ಟಿಯ ಪುಡಿಯನ್ನು ಅಂಗೈಯಿಂದ ಒಟ್ಟುಗೂಡಿಸುತ್ತಿದ್ದಳು. "ಡಿಸೆಂಬರ್ ಶುರುವಾದಾಗ ಈನಸ್ ಹತ್ರ ಹೋಗಿದ್ದೆ."

"ಏನಂತ ಕೇಳ್ದೆ ಅವನನ್ನ?"

"ಏನೂ ಕೇಳ್ಲಿಲ್ಲ. ಐಡಾಗೆ ಹೀಗೆ ಹೇಳು ಅಂದೆ."

ಹೊರಗೆ ಮಾಡಿನಿಂದ ಹಿಮದ ರಾಶಿಯೊಂದು ಜಾರಿ ಅಂಗಳಕ್ಕೆ ಬಿತ್ತು. ಅವನು ಅದು ಮುಗಿಯುವವರೆಗೂ ಕಾದ.

"ಹಾಗಾದ್ರೆ ಅದು ನಿಜ ಅಲ್ಲ."

"ನಿಜಾನೋ ಸುಳ್ಳೋ ನನಗೆ ಗೊತ್ತಿಲ್ಲ. ನಾನು ಕೇಳ್ಲಿಲ್ಲ ಅಂದೆನಲ್ಲ. ನಿಜಾನೇ ಇರಬಹುದು."

"ಅವನು ಏನಂದ?"

"ಅವರಕ್ಕ ಚಹಾ ಕೊಟ್ಲು. ಲೋಟವನ್ನ ಎರಡು ಕೈ ಮಧ್ಯ ಒತ್ತಿ ಹಿಡ್ಕೊಂಡು ಪೂರ್ತಿ ಕುಡಿದ. ಕುಡಿದ ಮೇಲೆ, ಆಗ್ಲಿ, ಅವಳು ಮಗು ಸಾಕಬೇಕಲ್ಲ, ಅಂದ." ಲವೀನಿಯಾ ಪುಡಿಯನ್ನು ತಟ್ಟೆಯ ಅಂಚಿಗೆ ಸುರಿದಳು. "ಅವಳಿಗೋಸ್ಕರ ಅಂತ ಅವನು ಒಪ್ಕೊಂಡ. ನಾನು ಹೋಗಿದ್ದು ಅವಳಿಗೋಸ್ಕರ ಅಲ್ಲ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಅರ್ಧಕ್ಕರ್ಧ ಅವನು ಕಡಲ ಮೇಲೆ ಕಳೆದಿದ್ದ. ಈ ಹೆಂಗಸನ್ನು ಅವನು ಯಾವಾಗಲೂ ದಡವೆಂದೇ ತಿಳಿದಿದ್ದ. ತಾನು ಎಲ್ಲಿಗೆ ಹೋದರೂ, ಅಲ್ಲಿ ಏನೇ ನಡೆದರೂ, ಇದ್ದ ಕಡೆಯೇ ಇರುವ ಗಟ್ಟಿ ನೆಲ. ಅವಳು ಈ ಚಳಿಗಾಲವಿಡೀ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಪಕ್ಕದಲ್ಲಿ ಮಲಗಿ ಆ ಹಡಗಿನ ಮೇಲೆಯೇ ಇದ್ದಳೆಂದು, ಮಂಜಿನಲ್ಲಿ ತನ್ನ ಹಿಂದೆಯೇ ನಿಂತು ತಾನು ಹೇಳಿ ಮುಗಿಸಿದ್ದನ್ನು ಮತ್ತೆ ಮತ್ತೆ ಕೇಳುತ್ತಿದ್ದಳೆಂದು ಈಗ ತಿಳಿಯಿತು. ಕೂಗು ತೆಂಕಣದ್ದೋ ಬಡಗಣದ್ದೋ, ಮನುಷ್ಯನದೋ ಅಲ್ಲವೋ, ಇನ್ನು ಯಾರನ್ನು ಕೇಳಿದರೂ ತಿಳಿಯದಂತೆ ಅವಳೇ ಮಾಡಿಬಿಟ್ಟಿದ್ದಳು. ಈನಸನ ಬಾಯಿಂದ ಇನ್ನು ಬೇರೆ ಮಾತು ಬರುವುದಿಲ್ಲ. ಭಾನುವಾರ ತಾನು ಆ ಮಗುವನ್ನು ಎತ್ತಿಕೊಂಡು ಊರಿನ ಮುಂದೆ ನಿಂತರೆ ತಾನೂ ಆ ಮಾತಿಗೆ ಸಹಿ ಹಾಕಿದಂತೆ. ನಿಲ್ಲದಿದ್ದರೆ ಐಡಾ ಮತ್ತೆ ತನ್ನ ಬೆನ್ನು ನೋಡಿಕೊಂಡು ಕೀರ್ತನೆ ಹಾಡಬೇಕು. ತನಗೆ ಸಿಟ್ಟು ಬರಲೆಂದು ಕಾದ. ಬರಲಿಲ್ಲ. ಬಂದದ್ದು ಒಂದು ವಿಚಿತ್ರವಾದ ನಾಚಿಕೆ, ಬಹಳ ದಿನದಿಂದ ಬೆತ್ತಲೆಯಾಗಿಯೇ ಇದ್ದು ಈಗಷ್ಟೇ ನೋಡಿಕೊಂಡವನ ನಾಚಿಕೆ.

"ತಿನ್ನಿ, ಆರಿಹೋಗ್ತಿದೆ," ಎಂದಳು ಲವೀನಿಯಾ.

ಅವನು ತಿಂದ. ಮೀನಿಗೆ ಉಪ್ಪು ಹೆಚ್ಚಾಗಿತ್ತು, ನೀರು ಕುಡಿದು ಮತ್ತೆ ತಿಂದ. ಅವಳು ಅವನ ತಟ್ಟೆ ಖಾಲಿಯಾಗುವವರೆಗೂ ಎದುರಿಗೇ ಕೂತಿದ್ದು, ಆಮೇಲೆ ಎದ್ದು ಪಾತ್ರೆಗಳನ್ನು ಜೋಡಿಸತೊಡಗಿದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ಕರಿ ಕೋಟು ಪೆಟ್ಟಿಗೆಯಿಂದ ತೆಗೆದಿಡ್ಲಾ? ಗಾಳಿಗೆ ಹಾಕಬೇಕು, ಇಲ್ಲಾಂದ್ರೆ ಮಗುಗೆ ಆ ಮುಗ್ಗಲು ವಾಸನೆ ಆಗಲ್ಲ."

ಓಬೆದ್ ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದ. ಆ ವಯಸ್ಸಿನ ಮಗುವನ್ನು ಹಿಡಿದು ಅವನಿಗೆ ಅಭ್ಯಾಸವಿರಲಿಲ್ಲ. ತಲೆಯ ಕೆಳಗೆ ಯಾವ ಕೈ ಇಡಬೇಕೆಂದು ಅವಳನ್ನೇ ಕೇಳಬೇಕಾಗುತ್ತದೆ.

"ತೆಗೆದಿಡು," ಎಂದ.